ಆಸರಿಗೆ ಕೇಳದ ಒಂದು ದಿನ

ಜಲರೂಪಿಯಾದ ಭಗವಂತನಿಗೆ ಮೊದಲ ನಮಸ್ಕಾರ. ಬೊಬ್ರುವಾಡದ ಅಂಚಿನಲ್ಲಿರುವ ಆ ಕೆರೆಯನ್ನು ಯಾವ ಕಾಲದಲ್ಲಿ ಯಾರು ಅಗೆಸಿದರೋ ತಿಳಿಯದು. ಹೆಸರು ಕೆತ್ತಿಸದೆ, ಶಾಸನ ನಿಲ್ಲಿಸದೆ, ನೀರನ್ನಷ್ಟೇ ಬಿಟ್ಟು ಹೋದ ಆ ಪುಣ್ಯಾತ್ಮರಿಗೆ ಎರಡನೆಯ ನಮಸ್ಕಾರ. ಸಮುದ್ರದ ಮೊರೆತ ಕಿವಿಗೆ ಬೀಳುವಷ್ಟು ಸಮೀಪವಿದ್ದೂ ತನ್ನ ಸಿಹಿಯನ್ನು ಬಿಟ್ಟುಕೊಡದ ಅದರ ಒರತೆಗೂ, ಒರತೆಯ ಮೇಲೆ ನೆರಳು ಹಿಡಿದು ನಿಂತ ಗೋಳಿಮರಕ್ಕೂ ನಾನು ಋಣಿ. ಆ ನೀರಿನ ಬೆಲೆಯನ್ನು ನನಗೆ ತಿಳಿಸಿಕೊಟ್ಟ ಹೆಂಗಸೊಬ್ಬಳು ಈ ಕಾರ್ತಿಕದಲ್ಲಿ ತೀರಿಕೊಂಡಳು. ಉಳಿದ ನಮಸ್ಕಾರವೆಲ್ಲ ಆಕೆಗೆ.

ಇಷ್ಟು ಹೇಳಿದ ಮೇಲೆ ಸಿಟ್ಟನ್ನು ಅಡಗಿಸಿಡಲಾರೆ. ಆಕೆಯ ಉತ್ತರಕ್ರಿಯೆಯ ದಿನ ಅಂಗಳದ ಚಪ್ಪರದಲ್ಲಿ ಊಟಕ್ಕೆ ಕುಳಿತವರು ಆಕೆಯನ್ನು ನೆನೆದ ಬಗೆಯನ್ನು ನಾನು ಕಿವಿಯಾರೆ ಕೇಳಿದೆ.

"ಸಾಯ್ಬ್ರಿಗೇ ಉಪ್ಪುನೀರು ಕುಡ್ಸಿದ ಮುದ್ಕಿ ಅಲ್ದ! ಒಂದ್ ಗುಟುಕು ಕುಡ್ದು ಥೂ ಅಂದ್ರಂತೆ, ಅಲ್ಲೇ ಕಾಗದಕ್ಕೆ ಸಹಿ ಹಾಕಿದ್ರಂತೆ!" ಎಂದು ಒಬ್ಬ. "ಎಂಥಾ ಚಾಲಾಕು!" ಎಂದು ಇನ್ನೊಬ್ಬ. ಪಂಕ್ತಿಗೆ ಪಂಕ್ತಿಯೇ ನಕ್ಕಿತು.

ಸುಳ್ಳು. ಆಕೆ ಯಾರಿಗೂ ಉಪ್ಪುನೀರು ಕುಡಿಸಲಿಲ್ಲ. ಬಂದವರ ಬಾಯಿಗೆ ಕೆಟ್ಟ ನೀರು ಹಾಕುವುದು ಆಕೆಯ ಏಳು ಜನ್ಮಕ್ಕೂ ಸಾಧ್ಯವಿದ್ದ ಕೆಲಸವಲ್ಲ. ಆ ದಿನ ನಾನು ಆ ಜಗಲಿಯಲ್ಲೇ ಇದ್ದೆ. ನಡೆದದ್ದು ಬೇರೆ. ಅದರ ಬೆಲೆಯನ್ನು ಆಕೆ ಸಾಯುವವರೆಗೆ ತೆತ್ತಳು. ಆ ಬೆಲೆಯ ನೀರನ್ನು ಕುಡಿದೇ ಇವರೆಲ್ಲ ಕೈ ತೊಳೆದು ಊಟಕ್ಕೆ ಕುಳಿತಿದ್ದರು. ಆದ್ದರಿಂದ ಬರೆಯುತ್ತಿದ್ದೇನೆ.

ಆಕೆ ಒಕ್ಕಲು ಮನೆಯ ಹೆಂಗಸು. ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ಗೇಣಿಯ ಗದ್ದೆ ಮಾಡಿ, ಮಕ್ಕಳನ್ನು ದಡ ಮುಟ್ಟಿಸಿದವಳು. ಊರಿಗೆಲ್ಲ ದೊಡ್ಡಕ್ಕ. ಕೆರೆಯ ಆಚೆಗಿರುವ ಪುಟ್ಟ ಈಶ್ವರ ಗುಡಿಯ ಸೋಮವಾರದ ಪೂಜೆ ನಮ್ಮ ಮನೆತನಕ್ಕೆ ಸೇರಿದ್ದರಿಂದ, ಅಂಕೋಲೆಯ ಪೇಟೆಯಿಂದ ನಾನು ಪ್ರತಿವಾರ ಆ ದಾರಿ ಹಿಡಿಯುತ್ತಿದ್ದೆ. ಪೇಟೆಯ ಕೊನೆಯ ಮನೆ ದಾಟಿದರೆ ಗದ್ದೆಯ ಹಾಳಿ, ಎಂದರೆ ಬದುವಿನ ದಾರಿ. ಎಡಕ್ಕೆ ಉಬ್ಬರದ ಉಪ್ಪುನೀರು ಏರುವ ತಗ್ಗುಗದ್ದೆಗಳ ಗಜನಿ, ಬಲಕ್ಕೆ ಕೇದಗೆಯ ಹಿಂಡು. ಹಾಳಿ ಮುಗಿಯುವಲ್ಲಿ ಆಕೆಯ ಹುಲ್ಲು ಹೊದೆಸಿದ ಮನೆ. ಮನೆಯ ಬದಿಯಿಂದ ಕಾಲುದಾರಿ ಇಳಿದು ಒಂದು ದಣಪೆಯನ್ನು ದಾಟಿ ಕೆರೆಯ ಮೆಟ್ಟಿಲಿಗೆ ಸೇರುತ್ತಿತ್ತು. ನಮ್ಮ ಸೀಮೆಯವರಿಗೆ ದಣಪೆ ಎಂದರೆ ಏನೆಂದು ಹೇಳಬೇಕಾಗಿಲ್ಲ. ಬೇಲಿಯ ನಡುವೆ ದನ ನುಗ್ಗದಂತೆ, ಮನುಷ್ಯ ಮಾತ್ರ ಕಾಲೆತ್ತಿ ದಾಟುವಂತೆ ಇಟ್ಟ ಮರದ ಗಂಡಿ ಅದು. ಬೇಲಿ ಹಾಕಿದವನೂ ಮನುಷ್ಯನಿಗೆ ದಾರಿ ಬಿಡಬೇಕೆಂಬ ಹಿರಿಯರ ವಿವೇಕವೇ ಆ ನಾಲ್ಕು ಕೋಲುಗಳಲ್ಲಿದೆ.

ದಣಪೆಯತ್ತ ಹೋಗುವವರು ಯಾರೇ ಇರಲಿ, ಆಕೆಯ ಅಂಗಳದ ಎದುರು ಬಂದಕೂಡಲೇ ಒಂದು ಮಾತು ಕೇಳಿಬರುತ್ತಿತ್ತು: "ಆಸರಿಗೆ?"

ಕ್ಷೇಮಸಮಾಚಾರಕ್ಕೆ ಮೊದಲು, ಬಂದ ಕಾರಣಕ್ಕೆ ಮೊದಲು, ಎಷ್ಟೋ ಸಲ ಮುಖ ಕಾಣುವುದಕ್ಕೂ ಮೊದಲು ಆ ಪ್ರಶ್ನೆ. ಬಾಯಾರಿಕೆಗೆ ಏನು ಕೊಡಲಿ ಎಂದು ಕೇಳುವ ರೂಢಿ ನಮ್ಮಲ್ಲಿ ಎಲ್ಲ ಮನೆಗಳಲ್ಲೂ ಇದೆ. ಆದರೆ ಆಕೆಯ ಬಾಯಲ್ಲಿ ಅದು ರೂಢಿಯಾಗಿರಲಿಲ್ಲ, ಅನುಷ್ಠಾನವಾಗಿತ್ತು. ಕೆರೆಯಿಂದ ತಂದ ನೀರನ್ನು ಮಣ್ಣಿನ ಕೊಡದಲ್ಲಿಟ್ಟು, ಬೆಲ್ಲದ ತುಂಡಿನ ಜೊತೆ ತಂಬಿಗೆ ಮುಂದಿಡುವಳು. ಇಡುವ ಮೊದಲು ಎರಡು ಹನಿ ಅಂಗೈಗೆ ಹಾಕಿ ತಾನು ರುಚಿ ನೋಡುವಳು. "ಕೇಳಿಸ್ಕೊಂಡು ಕೊಟ್ಟ ನೀರು ಭಿಕ್ಷೆ ಆಗ್ತದೆ ಭಟ್ರೆ. ಕೇಳೂಕೆ ಮುಂಚೆ ಕೊಟ್ರೇ ಅದು ಆಸರಿ" ಎಂಬುದು ಆಕೆಯ ಮಾತು.

ನಾನು ಆಕೆಯ ಮನೆಯ ನೀರು ಕುಡಿಯುವಂತಿರಲಿಲ್ಲ. ನಮ್ಮ ಆಚಾರ ಆಕೆಗೂ ಗೊತ್ತಿತ್ತು. ಸೋಮವಾರ ಬೆಳಗ್ಗೆ ಒಂದು ಎಳನೀರು ಬೊಂಡವನ್ನೂ ಒಂದು ಕತ್ತಿಯನ್ನೂ ಜಗಲಿಯ ತುದಿಗೆ ಇಟ್ಟು ದೂರ ನಿಲ್ಲುವಳು. ನಾನೇ ಕೆತ್ತಿಕೊಂಡು ಕುಡಿಯಬೇಕು. ನಾನು ಕೆತ್ತುವ ಚಂದ ನೋಡಿ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ನಗು ತಡೆಯುವಳು. "ಮಂತ್ರ ಬರ್ತದೆ, ಬೊಂಡ ಕೆತ್ತೂಕೆ ಬರೂದಿಲ್ಲ. ಶಿವ ಹೆಂಗೆ ಒಪ್ತ ಇವ್ರ ಪೂಜೆಯ?"

ಒಮ್ಮೆ ಗದ್ದೆಯ ನೀರು ಕಡಿದ ವಿಷಯಕ್ಕೆ ನೆರೆಯವನೊಬ್ಬ ಅಂಗಳಕ್ಕೆ ಬಂದು ಕೂಗಾಡುತ್ತಿದ್ದ. ಆಕೆಯೂ ಸೊಂಟಕ್ಕೆ ಕೈಕೊಟ್ಟು ಸರಿಸಮ ಕೂಗುತ್ತಿದ್ದಳು. ನಡುವೆ ಅವನಿಗೆ ಕೆಮ್ಮು ಬಂತು. ಆಕೆ ಮಾತು ನಿಲ್ಲಿಸಿ, "ಆಸರಿಗೆ?" ಎಂದು ಒಳಗೆ ಹೋಗಿ ತಂಬಿಗೆ ತಂದಿಟ್ಟಳು. ಅವನು ಪೂರ್ತಿ ಕುಡಿದು, ಬೆಲ್ಲ ಬಾಯಿಗೆ ಹಾಕಿ, ಬಾಯಿ ಒರೆಸಿಕೊಂಡ.

"ಹಾಂ, ಈಗ ಹೇಳು. ನನ್ನ ಅಪ್ಪನ ಬಗ್ಗೆ ಎಂತದೋ ಅಂತಿದ್ದೆ" ಎಂದಳು ಆಕೆ. ಅವನಿಗೆ ಬಿಟ್ಟ ಮಾತು ನೆನಪಾಗಲಿಲ್ಲ. "ಜಗಳಕ್ಕಾದ್ರೂ ಗಂಟ್ಲು ಬೇಕಲ್ದ ತಮ್ಮಾ?" ಎಂದು ಆಕೆಯೇ ಅವನನ್ನು ಸಮಾಧಾನಪಡಿಸಿ ಕಳಿಸಿದಳು.

ಮಗಳನ್ನು ಕಾರವಾರದ ಬಳಿಯ ಕದ್ವಾಡಕ್ಕೆ ಕೊಟ್ಟಿದ್ದರು. ಅಲ್ಲಿಗೆ ಹೋದಾಗಲೂ ಬೀಗರ ಜಗಲಿಯಲ್ಲಿ ಕುಳಿತು, ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಆಸರಿಗೆ ಕೇಳಿದಳಂತೆ. ಅಲ್ಲಿ ದಾರಿಹೋಕರ ಮಾತು ಕೊಂಕಣಿ, ಆಕೆ ಕಲಿತದ್ದು ನೀರು ಬೇಕೇ ಎಂಬ ಒಂದೇ ಮಾತು, "ಉದಾಕ ಜಾಯ್?" ಬೀಗಿತ್ತಿಗೆ ನೀರು ಹೊತ್ತು ಹೊತ್ತು ಸಾಕಾಯಿತು. "ನಿಮ್ಮ ಅಮ್ಮನನ್ನು ಕರೆದುಕೊಂಡು ಹೋಗು, ಇಲ್ಲವೇ ಬಾವಿಯನ್ನು ಜಗಲಿಗೆ ತಂದಿಡು" ಎಂದು ಸೊಸೆಗೆ ಹೇಳಿದಳೆಂದು ಆಕೆಯೇ ನಕ್ಕು ನಕ್ಕು ಹೇಳಿದ್ದುಂಟು.

ಉಪ್ಪಿನ ಚಳವಳಿಯ ಗದ್ದಲ ತಣ್ಣಗಾದ ಮೇಲಿನ ಒಂದು ಬೇಸಿಗೆಯಲ್ಲಿ, ಮುಂಬಯಿಯ ವ್ಯಾಪಾರದಲ್ಲಿ ಕೈತುಂಬ ಗಳಿಸಿದ ಗೃಹಸ್ಥನೊಬ್ಬ ಕೆರೆಯ ಸುತ್ತಿನ ಜಮೀನನ್ನು ಕೊಂಡುಕೊಂಡ. ಜಮೀನು ಕೊಂಡ ಮೇಲೆ ಕೆರೆಯೂ ತನ್ನದೆಂದ. ದಣಪೆಯನ್ನು ಕೀಳಿಸಿ, ಆ ಗಂಡಿಗೆ ಮುಳ್ಳು ತುಂಬಿಸಿ, ಮೆಟ್ಟಿಲ ಬಳಿ ಒಂದು ಕಲ್ಲು ನಿಲ್ಲಿಸಿ, ಅದಕ್ಕೆ ಕುಂಕುಮ ಬಳಿಸಿದ. ಕಲ್ಲಿನ ಮೇಲೆ ಒಂದೇ ಶಬ್ದ: ತೀರ್ಥ. ಇದು ಪವಿತ್ರ ಜಲ, ಕಂಡಕಂಡವರು ಕೊಡ ಮುಳುಗಿಸಿ ಮೈಲಿಗೆ ಮಾಡಬಾರದು ಎಂದು ಸಾರಿಸಿದ. ಗುಡಿಗೆ ಹೋಗಲು ನನಗೊಬ್ಬನಿಗೆ ತನ್ನ ಮನೆಯ ಹಿತ್ತಿಲಿಂದ ದಾರಿ ಬಿಟ್ಟ.

ಪವಿತ್ರ ಜಲಕ್ಕೆ ಅವನು ಮಾಡಿದ ಮೊದಲ ಸೇವೆಯೆಂದರೆ ಯಾತ ಹೂಡಿಸಿ ಹೊಸ ತೆಂಗಿನ ಸಸಿಗಳಿಗೆ ಎತ್ತಿ ಹಾಯಿಸಿದ್ದು. ದೇವರ ತೀರ್ಥಕ್ಕೆ ಯಾತ ಹೂಡುವುದನ್ನು ಯಾವ ಆಗಮದಲ್ಲಿ ಓದಿದನೋ ಅವನೇ ಹೇಳಬೇಕು! ದೊಡ್ಡಕ್ಕನ ವ್ಯಾಖ್ಯಾನ ಸಂಕ್ಷಿಪ್ತವಾಗಿತ್ತು: "ದೇವ್ರಿಗೆ ಇಷ್ಟೆಲ್ಲ ತೆಂಗಿನ ತೋಟ ಅದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."

ನಾನು ಅವನ ಮನೆಗೆ ಹೋದೆ. ತೀರ್ಥವೆಂಬ ಶಬ್ದಕ್ಕೆ ನೀರಿಗೆ ಇಳಿಯುವ ಜಾಗ, ದಾಟುವ ಜಾಗ ಎಂದೇ ಮೂಲಾರ್ಥವೆಂದು ಹೇಳಿದೆ. ದಾರಿಯೇ ತೀರ್ಥ, ದಾರಿ ಮುಚ್ಚಿದರೆ ಉಳಿಯುವುದು ಬರಿಯ ಹೊಂಡ ಎಂದೆ. ಅವನು ಗೌರವದಿಂದಲೇ ಎದ್ದು ನಿಂತು ಕೈಮುಗಿದ. "ಭಟ್ರೇ, ಅರ್ಥ ಹೇಳೂಕೆ ನೀವಿದ್ದೀರಿ. ಜಾಗಕ್ಕೆ ನಾನಿದ್ದೇನೆ."

ಅವನ ಉದ್ಧಟತನ ಇರಲಿ. ನಮ್ಮ ಪೇಟೆಯ ದೊಡ್ಡವರು, ಸಂಧ್ಯಾವಂದನೆ ತಪ್ಪದವರು, "ತೀರ್ಥ ಎಂದ ಮೇಲೆ ಮಡಿ ಬೇಡವೇ? ಒಳ್ಳೆಯದೇ ಆಯಿತಲ್ಲ" ಎಂದು ತಲೆದೂಗಿದರಲ್ಲ, ಅದನ್ನು ನೆನೆದರೆ ಇಂದಿಗೂ ನನ್ನ ಜಪದ ಎಣಿಕೆ ತಪ್ಪುತ್ತದೆ. ಇವರಾರೂ ಆ ಚೈತ್ರದ ಬಿಸಿಲಲ್ಲಿ ಕೊಡ ಹೊತ್ತವರಲ್ಲ. ಗಜನಿಯ ಅಂಚಿನ ಆ ಮನೆಗಳ ಬಾವಿಗಳಲ್ಲಿ ಬೇಸಿಗೆಯಲ್ಲಿ ಬರುವುದು ಉಪ್ಪುಬೆರಕೆ ನೀರು. ಸಿಹಿನೀರು ಬೇಕಾದರೆ ಹಾಳಿಯ ಮೇಲೆ ಸುತ್ತು ಬಳಸಿ ಪೇಟೆಯ ಬದಿಯ ಬಾವಿಗೆ ಹೋಗಿ, ಅಲ್ಲಿಯವರ ಸರದಿ ಮುಗಿಯುವವರೆಗೆ ಕಾಯಬೇಕು. ಹೆಂಗಸರು ತಂದ ಒಂದು ಕೊಡ ಗಂಜಿಗೂ ಎಳೆಮಕ್ಕಳಿಗೂ ಮುಗಿಯುತ್ತಿತ್ತು. ದೊಡ್ಡವರು ಬಾವಿಯದನ್ನೇ ಕುಡಿದು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು.

ಊರವರ ಅರ್ಜಿ ಕಾರವಾರಕ್ಕೆ ಹೋಗಿ, ಸ್ಥಳ ನೋಡಲು ಒಬ್ಬ ಸಾಹೇಬರು ಬಂದರು. ಧಾರವಾಡ ಕಡೆಯವರು, ನಡುವಯಸ್ಸು, ಜಟಕಾವನ್ನು ಪೇಟೆಯಲ್ಲೇ ಬಿಟ್ಟು ಎಲ್ಲರ ಜೊತೆ ಹಾಳಿಯ ಮೇಲೆ ನಡೆದುಬಂದರು. ಬಿಸಿಲು ನೆತ್ತಿಗೇರಿತ್ತು. ಬೇಲಿ ನೋಡಿದರು, ಕಲ್ಲು ನೋಡಿದರು, ಯಾತ ನೋಡಿದರು. ತಿರುಗಿ ಬಂದು ದೊಡ್ಡಕ್ಕನ ಜಗಲಿಯಲ್ಲಿ ಕುಳಿತು, ರುಮಾಲು ತೆಗೆದು ಬೆವರು ಒರೆಸಿಕೊಂಡರು. ಶಾನುಭೋಗರು, ಸಿಪಾಯಿ, ಧನಿಕನ ಕಡೆಯ ಕಾರಭಾರಿ, ನಾನು, ಊರವರು, ಎಲ್ಲರೂ ಆಕೆಯ ಆ ಒಂದು ಮಾತಿಗೆ ಕಾದೆವು.

ಆಕೆ ಕಂಬಕ್ಕೆ ಆತು ನಿಂತಿದ್ದಳು. ಸೆರಗಿನ ತುದಿ ಹಲ್ಲಲ್ಲಿತ್ತು. ಮಾತು ಬರಲಿಲ್ಲ.

ಆ ಮೌನವನ್ನು ಹೇಗೆ ವರ್ಣಿಸಲಿ? ಗುಡಿಯಲ್ಲಿ ಮಂಗಳಾರತಿಯ ಹೊತ್ತಿಗೆ ಗಂಟೆ ಮೊಳಗದೇ ಹೋದರೆ ಭಕ್ತರು ಒಬ್ಬರ ಮುಖ ಒಬ್ಬರು ನೋಡುವಂತೆ ನಾವು ನೋಡಿಕೊಂಡೆವು. ಕೊನೆಗೆ ಸಾಹೇಬರೇ ಕೇಳಿದರು.

"ಅವ್ವಾ, ಕುಡಿಯಾಕ ಒಂದೀಟು ನೀರು ಕೊಡ್ತೀಯೇನವಾ?"

"ಇಲ್ಲ ಸಾಯ್ಬ್ರೆ. ಕೊಡೂವಂಥ ನೀರು ಈ ಮನೇಲಿ ಇಲ್ಲ."

"ಬಾವಿ ಐತಲ್ಲ?"

"ಅದು ನಮ್ಮ ಬಾಯಿಗೆ. ಬಂದೋರ ಬಾಯಿಗೆ ಅಲ್ಲ. ಬಂದೋರಿಗೆ ಕೊಡೂ ನೀರು ಬೇಲಿ ಆಚೆ ಅದೆ."

ಕಾರಭಾರಿ ಮುಂದೆ ಬಾಗಿ, "ನಮ್ಮಲ್ಲಿಗೆ ಬರಬೇಕು, ಬೊಂಡ ಕೊಯ್ಯಿಸಿಟ್ಟಿದೆ" ಎಂದ. ಸಾಹೇಬರು ಅವನತ್ತ ನೋಡಲಿಲ್ಲ. ಅಂಗಳದ ತೆಂಗಿನ ಮರವನ್ನು ಒಮ್ಮೆ ತಲೆಯೆತ್ತಿ ನೋಡಿದರು; ಆಕೆಯ ಮುಖವನ್ನು ನೋಡಿದರು; ಎದ್ದರು. "ಬ್ಯಾಡ್ರಿ" ಎಂದು ಹೇಳಿ, ಒಣಗಿದ ಗಂಟಲಲ್ಲೇ ಹಾಳಿಯ ಮೇಲೆ ತಿರುಗಿ ನಡೆದರು. ಇಷ್ಟೇ ನಡೆದದ್ದು.

ಮರುದಿನ ಬೆಳಗ್ಗೆ ಆಕೆ ಅಂಕೋಲೆಯ ನಮ್ಮ ಮನೆಯ ಅಂಗಳಕ್ಕೆ ಬಂದಳು. ರಾತ್ರಿ ಅತ್ತ ಕಣ್ಣು.

"ಭಟ್ರೆ, ಬಾಯಾರಿ ಬಂದೋರ್ನ ಹಂಗೇ ಕಳ್ಸಿದ್ರೆ ಎಂತ ಪ್ರಾಯಶ್ಚಿತ್ತ?"

ನನಗೆ ಸಿಟ್ಟು ಬಂತು. "ನಿನಗೆಂಥ ಪ್ರಾಯಶ್ಚಿತ್ತ? ಆ ಪಾಪ ಬೇಲಿ ಹಾಕಿದವನದು."

"ಬೇಲಿ ಅವ್ನದು. ಬಾಯಿ ನಂದಲ್ದ? ಮರದಲ್ಲಿ ಬೊಂಡ ನೇತಾಡ್ತಿತ್ತು ಭಟ್ರೆ, ಕೆರೆ ದಾರಿ ಸಿಗ್ಲಿ ಅಂತ ಕೊಡ್ಲಿಲ್ಲ. ಅವ್ರೂ ನೋಡಿದ್ರು. ನೋಡಿ ಸುಮ್ನೆ ಹೋದ್ರು. ಬೈದಿದ್ರೆ ಚಲೋ ಇತ್ತು. ನಿರಾಸೆಯಾಗಿ ತಿರುಗಿ ಹೋದ ಅತಿಥಿ ಮನೆಯ ಪುಣ್ಯ ಎಲ್ಲ ತಗೊಂಡು ಹೋಗ್ತ ಅಂತ ಪುರಾಣ ಹೇಳೂವಾಗ ನೀವೇ ಹೇಳಿದ್ರಿ."

ಹೇಳಿದ್ದೆ. ಶ್ರಾವಣದ ಪುರಾಣಕ್ಕೆ ಆಕೆ ಅಂಗಳದ ಅಂಚಿನಲ್ಲಿ ಕುಳಿತು ಕೇಳುತ್ತಿದ್ದಳು. ಮುಂದಿನ ಸಾಲಿನಲ್ಲಿ ಮಡಿಯುಟ್ಟು ಕೇಳಿದವರಿಗೆ ತಾಕದ ಮಾತು ಆಕೆಗೆ ತಾಕಿತ್ತು. ನನ್ನ ಯಾವ ಸಮಾಧಾನವನ್ನೂ ಆಕೆ ಒಪ್ಪಲಿಲ್ಲ. "ಅವ್ರು ಬಂದು ನನ್ನ ಕೈಯಲ್ಲಿ ಕೆರೆ ನೀರು ಕುಡೂವರೆಗೆ ನಾ ಆ ನೀರು ಮುಟ್ಟೂದಿಲ್ಲ. ಮಂದಿಗೆ ಕೊಡ್ತೆ. ನಾ ಕುಡೂದಿಲ್ಲ" ಎಂದು ಹೇಳಿ, ನನ್ನ ತುಳಸಿಕಟ್ಟೆಗೆ ಕೈಮುಗಿದು ಹೋದಳು.

ಮಳೆಗಾಲಕ್ಕೆ ಮುಂಚೆ ಹುಕುಂ ಬಂತು. ದಾರಿ ಹಿಂದಿನಿಂದ ಬಂದದ್ದು, ತೆರೆಯಬೇಕು. ಊರವರು ಮುಳ್ಳು ಕಿತ್ತು ದಣಪೆ ಕೂರಿಸಿದರು. ತೀರ್ಥದ ಕಲ್ಲನ್ನು ಕೆರೆಯ ಕೋಡಿಯ ಕೆಳಗೆ ಉರುಳಿಸಿದರು. ಈಗ ಅದರ ಮೇಲೆ ಬಟ್ಟೆ ಒಗೆಯುತ್ತಾರೆ. ಅಕ್ಷರ ಅರ್ಧ ಸವೆದಿದೆ. ದೊಡ್ಡಕ್ಕನ ಅಂಗಳದಲ್ಲಿ ಮತ್ತೆ "ಆಸರಿಗೆ?" ಕೇಳಿಬಂತು. ಆದರೆ ಸಾಹೇಬರು ಬರಲಿಲ್ಲ. ಕಾರವಾರಕ್ಕೆ ಹೋದಾಗ ನಾನು ವಿಚಾರಿಸಿದೆ. ಘಟ್ಟದ ಮೇಲೆ ಎಲ್ಲಿಗೋ ವರ್ಗವಾಗಿತ್ತು. ಅದಕ್ಕಿಂತ ಹೆಚ್ಚು ಯಾರೂ ಹೇಳಲಿಲ್ಲ.

ಅಂದಿನಿಂದ ವರ್ಷಗಟ್ಟಲೆ ಆಕೆ ಊರಿಗೆಲ್ಲ ಸಿಹಿನೀರು ಕೊಟ್ಟು, ತಾನು ಉಪ್ಪುಬೆರಕೆ ಬಾವಿಯ ನೀರು ಕುಡಿದಳು. ರುಚಿ ನೋಡಲು ಅಂಗೈಗೆ ಹಾಕಿಕೊಳ್ಳುತ್ತಿದ್ದ ಎರಡು ಹನಿಯನ್ನೂ ಬಿಟ್ಟಳು; ಈಗ ಮೂಸಿ ನೋಡಿ ಕೊಡುತ್ತಿದ್ದಳು. ಕಾರಣ ನನ್ನೊಬ್ಬನಿಗೆ ಗೊತ್ತಿತ್ತು, ಹೇಳಕೂಡದೆಂದು ಆಣೆ ಹಾಕಿಸಿದ್ದಳು. ನೆರೆಹೊರೆಯವರು ಗೇಲಿ ಮಾಡುತ್ತಿದ್ದರು.

"ದೊಡ್ಡಕ್ಕನ ನಾಲಿಗೆ ಮೀನಿನ ನಾಲಿಗೆ ಆಗ್ಯದೆ ಕಾಣೆ!"

"ಮೀನು ಬಾಯಾರಿ ಸತ್ತದ್ದು ಯಾರಾದ್ರೂ ನೋಡಿದ್ರೇನೆ?" ಎಂದು ಆಕೆಯೂ ನಗುವಳು.

ನೀರು ಕೊಟ್ಟವಳು ಏಕೆ ಕುಡಿಯುವುದಿಲ್ಲವೆಂದು ಒಬ್ಬರಾದರೂ, ಒಂದು ಸಲವಾದರೂ, ಕೇಳಬೇಡವೇ? ಕುಡಿದು ತಂಬಿಗೆ ಕೆಳಗಿಡುವುದಕ್ಕೆ ಕಲಿತವರು ಕಣ್ಣೆತ್ತಿ ನೋಡುವುದನ್ನು ಕಲಿಯಲಿಲ್ಲ. ಉಪ್ಪುನೀರಿನ ಕಥೆ ಹುಟ್ಟಿದ್ದೂ ಆ ದಿನಗಳಲ್ಲೇ. ಆಕೆಯ ಕಿವಿಗೂ ಬಿತ್ತು. ಆ ಸೋಮವಾರ ಬೊಂಡ ಇಡುವಾಗ ಆಕೆ ನನ್ನ ಮುಖ ನೋಡಲಿಲ್ಲ. "ನಾ ಹಂಗೆ ಮಾಡೂವವ್ಳಾ ಭಟ್ರೆ?" ಎಂದಳು. ಅಷ್ಟೇ.

ಈ ಕಾರ್ತಿಕದಲ್ಲಿ ಆಕೆಯ ಮಗ ಓಡಿಬಂದು ಕರೆದ. ನಾನು ಹೋದಾಗ ಆಕೆಯನ್ನು ಜಗಲಿಯಲ್ಲೇ ಮಲಗಿಸಿದ್ದರು. ಬೆಳಗಿನ ಬಿಸಿಲು ಕಾಲ ಬಳಿ ಇತ್ತು. ಕದ್ವಾಡದ ಮಗಳು ತುಳಸಿಯೆಲೆಯಲ್ಲಿ ಕೆರೆಯ ನೀರು ಹಿಡಿದು ತುಟಿಗೆ ತಾಗಿಸಿದರೆ, ಆಕೆ ತುಟಿ ಬಿಗಿಹಿಡಿದು ಮುಖ ತಿರುಗಿಸುತ್ತಿದ್ದಳು. "ನೀರು ತಗೊಳ್ಳೂದೇ ಇಲ್ಲ ಭಟ್ರೆ, ಎಂತ ಮಾಡೂದು?" ಎಂದು ಮಗಳು ಅತ್ತಳು. ನನ್ನ ಹೆಜ್ಜೆಯ ಸಪ್ಪಳಕ್ಕೋ ಏನೋ ಆಕೆ ಕಣ್ಣು ತೆರೆದಳು. ಸ್ವರ ಇಲ್ಲವೇ ಇಲ್ಲ. ತುಟಿ ಮಾತ್ರ ಅಲ್ಲಾಡಿತು.

"ಆಸರಿಗೆ?"

ಮಗ ಕತ್ತಿ ತರಲು ಎದ್ದ. ನಾನು ತಡೆದೆ.

"ಬೊಂಡ ಬೇಡ ದೊಡ್ಡಕ್ಕ. ನಡೆದು ಬಂದು ಬಾಯಾರಿದ್ದೇನೆ. ಕೆರೆಯ ನೀರು ಕೊಡು."

ಆಕೆ ನನ್ನನ್ನೇ ನೋಡುತ್ತಿದ್ದಳು. ನಾನು ಬಳಿಯಲ್ಲಿ ಕುಳಿತು ಹೇಳಿದೆ: "ಅತಿಥಿ ಎಂದರೆ ತಿಥಿಯಿಲ್ಲದವನು. ಇಂಥ ದಿನ, ಇಂಥವನೇ ಬರಬೇಕೆಂದಿಲ್ಲ. ಬಾಯಾರಿ ಹೋದವನು ಯಾವ ರೂಪದಲ್ಲಾದರೂ ತಿರುಗಿ ಬರುತ್ತಾನೆ. ಈಗ ಬಂದಿದ್ದಾನೆ. ಕೊಡುತ್ತೀಯೋ ಇಲ್ಲವೋ?"

ಮಗಳು ತಂಬಿಗೆ ತಂದು ತಾಯಿಯ ಕೈಗೆ ಮುಟ್ಟಿಸಿ ಹಿಡಿದಳು. ಆಕೆಯ ಬೆರಳು ತಂಬಿಗೆಯ ಕಂಠದ ಮೇಲಿತ್ತು. ನಾನು ಬೊಗಸೆಯೊಡ್ಡಿ ಕುಡಿದೆ. ಪೂರ್ತಿ ಕುಡಿದೆ. ಆಕೆ ನೋಡುತ್ತಲೇ ಇದ್ದಳು. ತಂಬಿಗೆ ಬರಿದಾದ ಮೇಲೆ, "ಬೆಲ್ಲ" ಎಂದಳು. ಬೆಲ್ಲ ಕೊಡುವುದು ಮರೆತಿದ್ದರು. ಮಗಳು ಬೆಲ್ಲ ತಂದಳು, ತಿಂದೆ. ಆಮೇಲೆ ತುಳಸಿಯೆಲೆಯ ನೀರಿಗೆ ಆಕೆ ತಾನಾಗಿ ಬಾಯಿ ತೆರೆದಳು. ಒಮ್ಮೆ ಕುಡಿದು, ಇನ್ನೊಮ್ಮೆ ಬಾಯಿ ತೆರೆದಳು. ಬಿಸಿಲು ಜಗಲಿ ಏರುವ ಹೊತ್ತಿಗೆ ಹೋದಳು.

ನಮ್ಮ ಪಂಕ್ತಿಯ ಹಿರಿಯರು ಈಗ ನನ್ನನ್ನು ವಿಚಾರಿಸುತ್ತಿದ್ದಾರೆ: ಒಕ್ಕಲು ಮನೆಯ ನೀರು ಕುಡಿದದ್ದು ಹೌದೇ ಎಂದು. ಹೌದು, ಕುಡಿದೆ. ಸಿಹಿಯಾಗಿತ್ತು. ಕೆರೆಗೆ ಬೇಲಿ ಬಿದ್ದಾಗ ಶಾಸ್ತ್ರ ನೆನಪಾಗದವರಿಗೆ ಈಗ ನೆನಪಾಗಿದ್ದರೆ, ಆ ಶಾಸ್ತ್ರ ಅವರಲ್ಲೇ ಇರಲಿ. ಆಕೆ ಹಾಕಿಸಿದ ಆಣೆ ಆಕೆಯ ಗುಟುಕಿನೊಂದಿಗೆ ತೀರಿತೆಂದು ನಂಬಿ ಇದನ್ನು ಬರೆದಿದ್ದೇನೆ. ಉಪ್ಪುನೀರಿನ ಕಥೆ ಹೇಳುವವರು ಇನ್ನು ಮೇಲಾದರೂ ನಾಲಿಗೆಯನ್ನು ಆ ಕೆರೆಯಲ್ಲಿ ತೊಳೆದುಕೊಂಡು ಹೇಳಲಿ.

ಹೆಸರಿಲ್ಲದೆ ಕೆರೆ ಅಗೆದವರಿಗೆ ಸದ್ಗತಿಯಿರಲಿ. ಕೊಡ ಹೊತ್ತ ಹೆಂಗಸರ ನೆತ್ತಿ ತಣ್ಣಗಿರಲಿ. ದಣಪೆ ಕೂರಿಸಿದ ಕೈಗಳಿಗೆ ಬಲವಿರಲಿ. ಪಂಕ್ತಿಯಲ್ಲಿ ನಕ್ಕವರಿಗೂ ಒಳ್ಳೆಯದಾಗಲಿ, ಬುದ್ಧಿ ಬರಲಿ. ಬೇಲಿ ಹಾಕಿದವನ ತೆಂಗು ಫಲಿಸಲಿ. ಅವನು ಎಂದಾದರೂ ಬಾಯಾರಿ ಪರಸ್ಥಳದಲ್ಲಿ ನಿಂತರೆ ಅವನಿಗೂ ಯಾರಾದರೂ ನೀರು ಕೊಡಲಿ. ಬಿಸಿಲಲ್ಲಿ ಬರಿಗಂಟಲಲ್ಲಿ ನಡೆದುಹೋದ ಆ ಸಾಹೇಬರು ಘಟ್ಟದ ಮೇಲೆ ಎಲ್ಲಿಯೇ ಇರಲಿ, ಯಾವ ಅಂಗಳದ ಎದುರು ಹಾದರೂ, ಅವರು ಬಾಯಿ ತೆರೆಯುವುದಕ್ಕೆ ಮುಂಚೆಯೇ ಒಳಗಿನಿಂದ ಒಂದು ಸ್ವರ ಕೇಳಿಬರಲಿ: ಆಸರಿಗೆ?